ಹೆಸರಿಲ್ಲದೆ ಬಂದ ಪ್ರಶ್ನೆ

ಗೆಳೆಯರೇ, ಇವತ್ತು ನವರಂಗಪುರದ ನಮ್ಮ ಶಾಲೆಯಲ್ಲಿ ಕೊನೆಯ ಪೀರಿಯಡ್. ಟೀಚರಾದ ನನ್ನನ್ನು 'ಬೆನ್' (ಅಕ್ಕ) ಎನ್ನುವ ಏಳನೇ ಕ್ಲಾಸಿನ ಮಕ್ಕಳು ಟ್ಯಾಬಿನಲ್ಲಿ ಹೆಸರು ಹಾಕದೆ ಬರೆದ ಪ್ರಶ್ನೆಗಳು ಬೋರ್ಡಿನ ಮೇಲೆ ಬರುತ್ತಿದ್ದವು. 'ಎಲೆ ಯಾಕೆ ಹಸಿರು?' ಎಂಬುದರ ಕೆಳಗೆ ಗುಜರಾತಿಯಲ್ಲಿ ಇನ್ನೊಂದು ಮೂಡಿತು: 'ಬೆನ್, ಇವತ್ತು ಮನೆಗೆ ಹೋಗದೆ ಇಲ್ಲೇ ಇರಬಹುದಾ?'

"ಯಾರು ಬರೆದಿದ್ದು?" ಎಂದೆ.

"ಹೆಸರು ಕೇಳಲ್ಲ ಅಂತ ನೀವೇ ಹೇಳಿದ್ರಲ್ಲ, ಬೆನ್!" ಎಂದಳು ಮುಂದಿನ ಬೆಂಚಿನ ಹುಡುಗಿ. ಆ್ಯಪ್‌ನಲ್ಲೂ ಹೆಸರು ಉಳಿಯುವುದಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಗೇಟಿಗೆ ಓಡಿ ಒಂದೊಂದು ಮುಖವನ್ನೂ ನೋಡಿದೆ. ಎಲ್ಲರೂ ನಗುತ್ತಲೇ "ಆವ್ಜೋ ಬೆನ್" ಎಂದು ಕೈಬೀಸಿ ಆಟೋ ಹತ್ತಿದರು. ಬರೆದದ್ದು ಯಾರೆಂದು ತಿಳಿಯಲೇ ಇಲ್ಲ.

ಹೆಸರು ಬೇಡವೆಂದರೆ ಮಕ್ಕಳು ಮನಸ್ಸಿನಲ್ಲಿದ್ದದ್ದನ್ನು ಬರೆಯುತ್ತಾರೆ ಎಂದು ಸ್ಟಾಫ್ ಮೀಟಿಂಗಿನಲ್ಲಿ ಭಾಷಣ ಬಿಗಿದವಳು ನಾನೇ. ಬರೆದರು ನೋಡಿ.