ಎರಡಕ್ಷರ ಬರೆದು ನಿಂತ ಕಂಪ್ಯೂಟರು

ಕೊಂಡು ತಂದ ಪದಾರ್ಥ ಕೆಟ್ಟರೆ ಒಂದು ಸುಖವಿದೆ. ಬೈಯುವುದಕ್ಕೆ ಯಾರಾದರೂ ಸಿಗುತ್ತಾರೆ. ಮಿಕ್ಸಿ ನಿಂತರೆ ಅಂಗಡಿಯವನನ್ನು, ಫ್ಯಾನು ಕಿರುಗುಟ್ಟಿದರೆ ಕಂಪನಿಯನ್ನು, ಸೀರೆಯ ಬಣ್ಣ ಹೋದರೆ ಅದನ್ನು ಆರಿಸಿಕೊಟ್ಟ ನಾದಿನಿಯನ್ನು ಬೈದು ಅರ್ಧ ದುಃಖ ಇಳಿಸಿಕೊಳ್ಳಬಹುದು. ಕೈಯಾರೆ ಜೋಡಿಸಿದ ವಸ್ತು ಕೆಟ್ಟಾಗ ಆ ಅನುಕೂಲವಿಲ್ಲ. ಬೈಗುಳವೆಲ್ಲ ಒಂದು ಸುತ್ತು ಹಾಕಿ ನಮ್ಮ ಮನೆಗೇ ವಾಪಸು ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ನಾಗಮಂಗಲದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮನೆ ಪಾಂಡವಪುರದಲ್ಲಿ. ನಮ್ಮ ಮನೆಯವರು ಅಲ್ಲಿ ದನದ ಡಾಕ್ಟರು. ಕ್ಯಾತನಹಳ್ಳಿಯ ಕಬ್ಬಿನ ಗದ್ದೆಯನ್ನು ಮೈದುನನಿಗೆ ಒಪ್ಪಿಸಿ ಬಂದಿದ್ದ ಅತ್ತೆ ನಮ್ಮ ಜೊತೆಗಿದ್ದರು. ಪಾಠ, ಬಸ್ಸು, ಅಡುಗೆ ಇವುಗಳ ನಡುವೆ ನಾನು ಪಿಎಚ್.ಡಿ.ಗೆ ಪ್ರಬಂಧ ಬರೆಯುತ್ತಿದ್ದೆ. ಗಣಿತದ ಪ್ರಬಂಧ ಬರೆಯುವುದಕ್ಕಿಂತ ಅದನ್ನು ಟೈಪು ಮಾಡಿಸುವುದು ಕಷ್ಟ. ನಾನು ಕೊಟ್ಟ ಗ್ರೀಕ್ ಅಕ್ಷರಗಳನ್ನು ಟೈಪಿಸ್ಟು ತನಗೆ ತೋಚಿದಂತೆ ಬದಲಾಯಿಸಿ, ನಾನು ಸಾಧಿಸದ ಪ್ರಮೇಯಗಳನ್ನೆಲ್ಲ ನನ್ನ ಹೆಸರಿಗೆ ಸಾಧಿಸಿಕೊಟ್ಟಿದ್ದ.

ಆಗ ಗೆಳತಿಯೊಬ್ಬಳು ಒಂದು ಸಿ.ಡಿ. ಕೊಟ್ಟಳು. ಅದರಲ್ಲಿ ಲಿನಕ್ಸ್ ಇತ್ತು. ಎಲ್ಲರ ಕಂಪ್ಯೂಟರಿನಲ್ಲೂ ಇರುವ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ, ಪುಕ್ಕಟೆ ಸಿಗುವ ವ್ಯವಸ್ಥೆ. ಗಣಿತವನ್ನು ಅಚ್ಚುಕಟ್ಟಾಗಿ ಕೂರಿಸಿಕೊಡುವ ತಂತ್ರಾಂಶವೂ ಅದರ ಜೊತೆಗೇ ಇತ್ತು. ತೊಂದರೆ ಒಂದೇ. ಅದು ಕೆಟ್ಟರೆ ನಮ್ಮ ಸೀಮೆಯಲ್ಲಿ ಕೇಳುವವರಿರಲಿಲ್ಲ. ಕೇಳುವವರು ಯಾಕೆ ಬೇಕು, ನಾನಿಲ್ಲವೇ ಎಂದುಕೊಂಡೆ. ಬೆಂಗಳೂರಿನಿಂದ ಪೆಟ್ಟಿಗೆ, ಡಿಸ್ಕು, ಯಾರೋ ಬಳಸಿ ಬಿಟ್ಟ ಮದರ್‌ಬೋರ್ಡು, ಹಳೆಯ ಮಾನಿಟರು ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿದೆ. ಅದು ಮೊದಲ ಸಲ ಬೆಳಗಿದಾಗ ಅತ್ತೆ ಕುಂಕುಮ ಇಟ್ಟರು. ಇವರು ಪೆಟ್ಟಿಗೆಯ ಬೆನ್ನು ತಟ್ಟಿದರು. ನಾನು ಯಾರೂ ಕೇಳದಿದ್ದರೂ ಬಂದವರಿಗೆಲ್ಲ "ನಾನೇ ಜೋಡಿಸಿದ್ದು" ಎಂದು ಹೇಳಿಕೊಂಡು ಓಡಾಡಿದೆ.

ಒಂದು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮೊದಮೊದಲು ಕಾಗದದ ಮೇಲೆ ಬರೆದು ಆಮೇಲೆ ಟೈಪು ಮಾಡುತ್ತಿದ್ದವಳು, ಧೈರ್ಯ ಬಂದಮೇಲೆ ಕೊನೆಯ ಎರಡು ಅಧ್ಯಾಯಗಳನ್ನು ನೇರವಾಗಿ ಪರದೆಯ ಮೇಲೇ ಬರೆದೆ. ಮೈಸೂರಿನಲ್ಲಿದ್ದ ನನ್ನ ಗೈಡು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಅವರ ಸಹಿ ಬೀಳದಿದ್ದರೆ ಹೊಸ ಗೈಡನ್ನು ಹುಡುಕಿ, ಅವರಿಗೆ ಎಲ್ಲವನ್ನೂ ಮೊದಲಿನಿಂದ ಒಪ್ಪಿಸಬೇಕು. ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಬೇಸಿಗೆ, ಎಲ್ಲರ ಪಂಪ್‌ಸೆಟ್ಟೂ ಓಡುವ ಕಾಲ. ಬೇರೆಯದು ಬರುವವರೆಗೆ ಒಂದು ವಾರ ಸೀಮೆಎಣ್ಣೆ ದೀಪದಲ್ಲಿ ಕಾಲ ಹಾಕಿದೆವು.

ಕರೆಂಟು ಬಂದ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಕಂಪ್ಯೂಟರು ಹಾಕಿದೆ. ಅದು ಗುರ್ರೆಂದಿತು. ಪರದೆಯ ಮೂಲೆಯಲ್ಲಿ ಎಲ್ ಎಂಬ ಇಂಗ್ಲಿಷ್ ಅಕ್ಷರ ಮೂಡಿತು. ಪಕ್ಕದಲ್ಲಿ ಐ ಮೂಡಿತು. ಅಷ್ಟೇ. ದಿನವೂ ಲಿನಕ್ಸನ್ನು ಎಬ್ಬಿಸುತ್ತಿದ್ದ ಪುಟ್ಟ ಪ್ರೋಗ್ರಾಮು 'ಲಿಲೋ' ಎಂದು ತನ್ನ ಹೆಸರಿನ ನಾಲ್ಕೂ ಅಕ್ಷರ ಬರೆದು ಮುಂದಿನ ಕೆಲಸಕ್ಕೆ ಹೋಗುತ್ತಿತ್ತು. ಅವತ್ತು ಅರ್ಧ ಹೆಸರು ಹೇಳಿ, ಉಳಿದರ್ಧ ಮರೆತವರ ಹಾಗೆ ನಿಂತುಬಿಟ್ಟಿತು. ಆರಿಸಿ ಹಾಕಿದೆ. ಮತ್ತೆ ಎಲ್, ಐ. ಫ್ಲಾಪಿಗಳಲ್ಲಿ ಪ್ರತಿ ಇದೆ ಎಂಬ ಧೈರ್ಯದ ಮೇಲೆ ಅವುಗಳನ್ನು ಕಾಲೇಜಿನ ಕಂಪ್ಯೂಟರಿಗೆ ಹಾಕಿ ನೋಡಿದರೆ, ಬೂಷ್ಟು ಹಿಡಿದಿದ್ದ ಅವುಗಳಲ್ಲಿ ಒಂದನ್ನೂ ಅದು ಓದಲಿಲ್ಲ.

ಗಣಿತದಲ್ಲಿ ಅಸ್ತಿತ್ವದ ಪ್ರಮೇಯಗಳು ಅಂತ ಇವೆ. ಉತ್ತರ ಇದೆ ಎಂದು ಅವು ಖಂಡಿತವಾಗಿ ಹೇಳುತ್ತವೆ. ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಇಂಥವನ್ನು ತರಗತಿಯಲ್ಲಿ ಬಹಳ ಸಂತೋಷದಿಂದ ಪಾಠ ಮಾಡುತ್ತಿದ್ದೆ. ನನ್ನ ಪ್ರಬಂಧ ಆ ಡಿಸ್ಕಿನೊಳಗೆ ಇದೆ, ಆದರೆ ಎಲ್ಲಿದೆಯೋ ಕೈಗೆ ಸಿಗುವುದಿಲ್ಲ ಎಂದು ಗೊತ್ತಾದ ದಿನ ಆ ಪ್ರಮೇಯಗಳ ಮೇಲೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು.

ಪೆಟ್ಟಿಗೆ ಬಿಚ್ಚಿ ತಂತಿಗಳನ್ನೆಲ್ಲ ಕಿತ್ತು ಮತ್ತೆ ಒತ್ತಿದೆ. ಧೂಳು ಊದಿದೆ. ಮೆಮೊರಿಯ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿದೆ. ಒಳಗೆ ಇರುವೆ ಹೊಕ್ಕಿರಬಹುದೆಂದು ಟಾರ್ಚು ಹಾಕಿ ಹುಡುಕಿದೆ. ಇರುವೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಬೈಯುವುದಕ್ಕಾದರೂ ಆಗುತ್ತಿತ್ತು.

ಅತ್ತೆ ತಟ್ಟೆ ಹಿಡಿದುಕೊಂಡು ಬಂದರು. "ಅದ್ಯಾಕವ್ವಾ ಅಂಗೆ ಅದ್ರ ಮುಂದೆ ಕುಂತಿದ್ದೀಯ? ಒಸಿ ಉಂಡ್ಬುಟ್ಟು ಕುಂತ್ಕೊ. ನೀನು ಉಣ್ದೇ ಇದ್ರೆ ಅದು ಸರಿ ಓಯ್ತದಾ?"

"ಅದರಲ್ಲಿ ನನ್ನ ಬರವಣಿಗೆ ಇದೆ ಅತ್ತೆ."

"ಇದ್ರೆ ಇರ್ತದೆ ಬುಡು. ಎಲ್ಲೋದದು ಪೆಟ್ಟಿಗೆ ಬುಟ್ಟು?"

ಅವರ ಮಾತು ಸರಿಯಾಗಿಯೇ ಇತ್ತು. ಸಮಾಧಾನ ಮಾತ್ರ ಆಗಲಿಲ್ಲ.

ಇವರೂ ಬಂದು ಪರೀಕ್ಷೆ ಮಾಡಿದರು. ಮುಖವನ್ನು ನೋಡಲಿಲ್ಲ, ಹಿಂದುಗಡೆ ಕೈ ಇಟ್ಟು ನೋಡಿದರು. "ಉಸಿರಾಡ್ತಾ ಇದೆ ಕಣೆ, ಗಾಳಿ ಬರ್ತಾ ಇದೆ. ಜೀವ ಏನೂ ಹೋಗಿಲ್ಲ" ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಇವರು ಗಾಬರಿಯಾಗಿ, ಮೈಸೂರಿಗೆ ತೆಗೆದುಕೊಂಡು ಹೋಗೋಣ ಎಂದರು.

ಪೆಟ್ಟಿಗೆಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿಕೊಂಡೆ. ಪಕ್ಕದ ಸೀಟಿನ ಹೆಂಗಸು ಒಂದಷ್ಟು ಹೊತ್ತು ನೋಡಿ, "ದೇವ್ರಾ ತಾಯಿ?" ಎಂದು ಮೆಲ್ಲಗೆ ಕೇಳಿದರು. ಸುಮ್ಮನೆ ತಲೆಯಾಡಿಸಿದೆ. ಅವರು ಕೈಮುಗಿದು ಜಾಗ ಬಿಟ್ಟು ಕುಳಿತರು.

ಮೈಸೂರಿನ ರಿಪೇರಿ ಅಂಗಡಿಯವನು ಒಳ್ಳೆಯ ಮನುಷ್ಯ. ಆದರೆ ಎರಡಕ್ಷರ ನೋಡಿದ ಕೂಡಲೇ ಅವನ ಮುಖ ಬದಲಾಯಿತು. "ಇದು ನಮ್ಮ ಕಡೆ ಯಾರೂ ನೋಡೋದಿಲ್ಲ ಮೇಡಂ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹಾಕ್ಕೊಡ್ತೀನಿ. ಸಂಜೆಗೆ ರೆಡಿ."

"ಒಳಗಿರೋದು?"

"ಅದು ಹೋಗುತ್ತೆ. ಈಗ ಮಾತ್ರ ಎಲ್ಲಿದೆ ಮೇಡಂ, ಬರ್ತಾ ಇಲ್ವಲ್ಲ?"

ಅವನು ಡ್ರಾಯರು ಎಳೆದು ಡಿಸ್ಕ್ ಅಳಿಸುವ ಫ್ಲಾಪಿ ತೆಗೆದ. ನನಗೆ ಎಷ್ಟು ದಣಿವಾಗಿತ್ತೆಂದರೆ, ಒಂದು ಕ್ಷಣ ಆಗಲಿ ಎನ್ನಬೇಕೆನಿಸಿತು. ಎಲ್ಲ ಅಳಿಸಿಹೋದರೆ ಹುಡುಕುವ ಕೆಲಸವಾದರೂ ತಪ್ಪುತ್ತದೆ. ಅದು ಪೆಟ್ಟಿಗೆಯ ಬಾಯಿಗೆ ಹೋಗುವುದರೊಳಗೆ ಇವರು ಪ್ಲಗ್ಗನ್ನೇ ಕಿತ್ತುಬಿಟ್ಟರು. "ಬೇಡಿ ಸ್ವಾಮಿ. ಉಸಿರಾಡ್ತಾ ಇರೋದಕ್ಕೆ ಆ ಇಂಜೆಕ್ಷನ್ ಕೊಡೋ ಅಭ್ಯಾಸ ನನಗಿಲ್ಲ" ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟರು. ಮದುವೆಯಾದಾಗಿನಿಂದ ಇವರು ನನಗೆ ಎಷ್ಟೋ ಸೀರೆ ಕೊಡಿಸಿದ್ದಾರೆ. ಆ ಪ್ಲಗ್ಗು ಕಿತ್ತ ಕೈಯ ಮುಂದೆ ಅವೆಲ್ಲ ಏನೂ ಅಲ್ಲ.

ವಾಪಸು ಬಸ್ಸಿನಲ್ಲಿ ಇವರು ಕೇಳಿದರು: "ಕಾಯಿಲೆ ಬೀಳೋಕೆ ಮುಂಚೆ ಏನಾಗಿತ್ತು? ದನ ಮುಟ್ಟೋಕೆ ಮೊದಲು ನಾವು ಕೇಳೋದು ಇದನ್ನೇ."

"ಏನೂ ಆಗಿರಲಿಲ್ಲ. ಸುಮ್ಮನೆ ಇತ್ತು. ಕರೆಂಟೇ ಇರಲಿಲ್ಲವಲ್ಲ."

ಕರೆಂಟೇ ಇರಲಿಲ್ಲ. ಆ ಪೆಟ್ಟಿಗೆ ಹುಟ್ಟಿದ ಮೇಲೆ ಅಷ್ಟು ದಿನ ಒಟ್ಟಿಗೆ ಆರಿದ್ದು ಅದೇ ಮೊದಲು. ಆರಿದ್ದಾಗ ಅದು ಏನನ್ನು ಮರೆಯಬಹುದು?

ಮನೆಗೆ ಬಂದು, ಹಾಕಿದ ತಕ್ಷಣ ಒಂದು ಕೀಲಿ ಒತ್ತಿ, ಬೋರ್ಡು ತನ್ನ ಲೆಕ್ಕಾಚಾರವನ್ನೆಲ್ಲ ಇಟ್ಟುಕೊಳ್ಳುವ ನೀಲಿ ಪುಟ ತೆರೆದೆ. ಅದರ ನೆತ್ತಿಯ ಮೇಲೆ ತಾರೀಖು ಇತ್ತು. ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು. ಅಂದರೆ ನಾನು ತವರೂರು ಅಕ್ಕಿಹೆಬ್ಬಾಳಿನಲ್ಲಿ ಎರಡು ಜಡೆ ಹಾಕಿಕೊಂಡು ಮಗ್ಗಿ ಒಪ್ಪಿಸುತ್ತಿದ್ದ ಕಾಲ! "ರೀ!" ಎಂದು ನಾನು ಕೂಗಿದ್ದಕ್ಕೆ ಅತ್ತೆ ಹಿತ್ತಲಿನಿಂದ, ಇವರು ಬಚ್ಚಲಿನಿಂದ ಓಡಿ ಬಂದರು.

ಆದದ್ದು ಇಷ್ಟೇ. ಆರಿದ್ದಾಗಲೂ ಬೋರ್ಡಿನ ನೆನಪನ್ನು ಕಾಯಲು ಒಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ನನ್ನದು ಮೊದಲೇ ಮುದಿಯಾಗಿತ್ತು, ಆ ವಾರದಲ್ಲಿ ತೀರಿಕೊಂಡಿತ್ತು. ಹಾಗೇನಾದರೂ ಆದರೆ ಕೆಲವು ಬೋರ್ಡುಗಳು ಕೂಗಿ ಹೇಳುತ್ತವಂತೆ. ನನ್ನದು ಬಾಯಿ ಬಿಡಲಿಲ್ಲ. ತಾರೀಖಿನ ಜೊತೆಗೆ, ಡಿಸ್ಕನ್ನು ಯಾವ ಲೆಕ್ಕದಲ್ಲಿ ಓದಬೇಕೆಂಬುದನ್ನೂ ಮರೆತಿತ್ತು. ಬೇರೆ ಲೆಕ್ಕದಲ್ಲಿ ಹುಡುಕಿದ ಲಿಲೋ, ತನ್ನ ಉಳಿದರ್ಧ ಸಿಗದೆ ಅಲ್ಲೇ ನಿಂತಿತ್ತು. ಡಿಸ್ಕು ಗಟ್ಟಿಯಾಗಿಯೇ ಇತ್ತು.

ಓದುವ ವಿಧಗಳು ಆ ಪುಟದಲ್ಲಿ ಕೆಲವೇ ಇದ್ದವು. ಒಂದನ್ನು ಆರಿಸಿ ನೋಡಿದೆ. ಎಲ್, ಐ. ಅತ್ತೆ ಸೆರಗಿನ ತುದಿ ಹಿಡಿದುಕೊಂಡರು. ಇನ್ನೊಂದನ್ನು ಆರಿಸಿದೆ. ಎಲ್. ಐ. ಎಲ್. ಓ. ಆಮೇಲೆ ಸಾಲುಸಾಲಾಗಿ ಬಿಳಿಯ ಅಕ್ಷರಗಳು ಸುರಿದವು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಅಷ್ಟು ದಿನವೂ ನಾನು ಸರಿಯಾಗಿ ಒರಗಿಯೇ ಇರಲಿಲ್ಲವೆಂದು ಆಗ ಗೊತ್ತಾಯಿತು. ಪ್ರಬಂಧ ತೆರೆದು ಕೊನೆಯ ಪುಟಕ್ಕೆ ಹೋದೆ. ಬರೆದಿಟ್ಟು ಹೋದ ವಾಕ್ಯ ಅರ್ಧಕ್ಕೆ ಹೇಗಿತ್ತೋ ಹಾಗೇ ಇತ್ತು. ಅತ್ತೆ ಕಣ್ಣು ಕಿರಿದು ಮಾಡಿ ಆ ಚಿಹ್ನೆಗಳನ್ನೆಲ್ಲ ನೋಡಿ, "ಇದೇನಾ? ರಂಗೋಲಿ ಇದ್ದಂಗದೆ" ಎಂದರು. ಮೂವರೂ ನಕ್ಕೆವು. ಆಮೇಲೆ ಎರಡು ಮುದ್ದೆ ಉಂಡೆ.

ಹೊಸ ಫ್ಲಾಪಿಗಳಿಗೆ ಪ್ರತಿ ತೆಗೆಯುವವರೆಗೆ ಪೆಟ್ಟಿಗೆಯನ್ನು ಆರಿಸಲೇ ಇಲ್ಲ. ಬ್ಯಾಟರಿ ಸಿಕ್ಕಿದ್ದು ಶ್ರೀರಂಗಪಟ್ಟಣದ ಒಂದು ವಾಚಿನ ಅಂಗಡಿಯಲ್ಲಿ. ನಾನು ತೋರಿಸಿದ ಬಿಲ್ಲೆಯನ್ನು ಅಂಗಡಿಯ ಸಾಹೇಬರು ತಿರುವಿ ನೋಡಿ, "ಇಷ್ಟು ದೊಡ್ಡ ವಾಚು ಯಾರು ಕಟ್ಕೊಂಡವ್ರೆ ಅಕ್ಕಾ?" ಎಂದು ಕೇಳಿದರು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಲೆಕ್ಕವನ್ನೆಲ್ಲ ಮತ್ತೆ ತುಂಬಿದೆ. ಆದರೂ ನಂಬಿಕೆ ಹುಟ್ಟಲಿಲ್ಲ. ದಿನಾ ಬೆಳಿಗ್ಗೆ ಎದ್ದವಳೇ ನೀಲಿ ಪುಟ ತೆರೆದು ತಾರೀಖು ನೋಡುವುದು ವ್ರತವಾಯಿತು. ಗೋಡೆಯ ಕ್ಯಾಲೆಂಡರಿಗೂ ಅದಕ್ಕೂ ತಾಳೆಯಾದ ಮೇಲೆಯೇ ಹಾಲು ಕಾಯಿಸುತ್ತಿದ್ದೆ.

ತಿಂಗಳು ಮುಗಿಯುವುದರೊಳಗೆ ಮೈಸೂರಿನಲ್ಲಿ ಅಚ್ಚು ಹಾಕಿಸಿ, ಮಾರನೆಯ ಬೆಳಿಗ್ಗೆ ಗೈಡರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ, ಒಂದೊಂದೇ ಪುಟ ತಿರುವಿ, ಎರಡು ಕಡೆ ಅಲ್ಪವಿರಾಮ ತಿದ್ದಿ, ಸಹಿ ಹಾಕಿದರು. "ತಡ ಯಾಕಾಯ್ತಮ್ಮ?" ಎಂದು ಕೇಳಿದರು. "ಬ್ಯಾಟರಿ ಸರ್" ಎಂದೆ. ಯಾವ ಬ್ಯಾಟರಿ ಎಂದು ಅವರು ಕೇಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದರೆ, ಬೆಳಿಗ್ಗೆ ನಾನು ಆರಿಸಿ ಹೋಗಿದ್ದ ಕಂಪ್ಯೂಟರಿನ ಮೇಲೆ ನನ್ನ ಉಣ್ಣೆಯ ಶಾಲು ಹೊದಿಸಿತ್ತು. ನಾಲ್ಕೂ ಕಡೆ ಅಂದವಾಗಿ ಒಳಗೆ ಮಡಿಸಿತ್ತು.

"ಯಾಕೆ ಅತ್ತೆ ಇದು?"

"ಅದುಕ್ಕೂ ಸುಸ್ತಾಗಿರ್ತದೆ ಕಣವ್ವಾ. ಒಸಿ ಮಲಗ್ಲಿ ಬುಡು."

ಶಾಲು ಸರಿಸಿ, ಹಾಕಿ, ತಾರೀಖು ನೋಡಬೇಕೆಂದು ಕೈ ಚಾಚಿದೆ. ಆಮೇಲೆ ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡೆ. ಅವತ್ತು ಯಾವ ದಿನ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ನೆಲದ ಮೇಲೆ ಚಾಪೆ ಹಾಸಿಕೊಂಡು, ಅದರ ಪಕ್ಕದಲ್ಲೇ ನಾನೂ ಮಲಗಿದೆ.