ಫೇರೆಸ್ಟ್ ಅಂದ್ರ ಏನ್ರಿ ಟೀಚರ್?

ಆ ಪುಸ್ತಕ ನನಗೆ ಸಿಕ್ಕಿದ್ದು ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯ ರದ್ದಿ ಅಂಗಡಿಯಲ್ಲಿ. ಮುಖಪುಟ ಹರಿದಿತ್ತು, ಮೊದಲ ಹಾಳೆಗಳೂ ಇರಲಿಲ್ಲ. ಒಳಗೆಲ್ಲ ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರರು, ಅವರ ಕೋಚುಗಳು. ತೋಳಿಲ್ಲದ ಬನಿಯನ್ನು, ಮೊಟ್ಟೆಯಂಥ ಚೆಂಡು. "ಒಯ್ರಿ ಬಾಯಾರ, ಇದರ ಹಾಳಿ ಭಾಳ ದಪ್ಪ, ಪುಡಿಕಿ ಕಟ್ಟಾಕ ಬರಂಗಿಲ್ಲ" ಎಂದು ಅಂಗಡಿಯವನು ಹಾಗೇ ಕೊಟ್ಟುಬಿಟ್ಟ. ಬಿಟ್ಟಿ ಸಿಕ್ಕಿದ್ದನ್ನು ಬಿಡುವ ಜಾಯಮಾನ ನನ್ನದಲ್ಲ, ಚೀಲಕ್ಕೆ ಹಾಕಿಕೊಂಡು ಬಂದೆ.

ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್, ಕಬಡ್ಡಿ ಕಲಿಸುವವಳು, ಊರವರ ಬಾಯಲ್ಲಿ 'ಬಾಯಾರು'. ನನಗೂ ಆಸ್ಟ್ರೇಲಿಯಾಕ್ಕೂ ಏನು ನಂಟು? ಆದರೂ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲಿನ ಡಿಕ್ಷನರಿ ಇಟ್ಟುಕೊಂಡು ಓದತೊಡಗಿದೆ, ಹುಚ್ಚು ಹಿಡಿಯಿತು. ಹಿಂದಿನ ಕಾಲದಲ್ಲಿ ಅಲ್ಲಿಯ ಆಟಗಾರರು ವಾರವೆಲ್ಲ ಕೂಲಿನಾಲಿ ಮಾಡಿ ಶನಿವಾರ ಆಡುತ್ತಿದ್ದರಂತೆ. ಎಷ್ಟೋ ತಂಡಗಳಲ್ಲಿ ಕ್ಯಾಪ್ಟನ್ನೇ ಕೋಚು. ಒದೆಸಿಕೊಳ್ಳುವವನೂ ಅವನೇ, ಬೈಯುವವನೂ ಅವನೇ. ಹಳೆಯ ಆಟಗಾರ ಕೊನೆಯ ಪಂದ್ಯ ಆಡಿ ಮುಗಿಸಿದರೆ ಜೊತೆಯವರು ಹೆಗಲ ಮೇಲೆ ಹೊತ್ತು ಹೊರಗೆ ಕರೆತರುತ್ತಾರಂತೆ. ಗೋಲು ಹೊಡೆದರೆ ಆರು ಅಂಕ, ಗೋಲಿನ ಮಗ್ಗುಲಿಗೆ ಹೋದರೂ ಒಂದು ಅಂಕ! ಎಂಥ ದೊಡ್ಡ ಮನಸ್ಸಿನ ಜನ ಎಂದುಕೊಂಡೆ. ನಮ್ಮಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಿಗುವುದು ಬೈಗುಳ ಮಾತ್ರ.

ಇಂಥ ಸಂಗತಿಗಳನ್ನು ದಿನಕ್ಕೊಂದರಂತೆ ಮೈದಾನದ ಗೋಡೆಯ ಕರಿಹಲಗೆಯಲ್ಲಿ ಬರೆಯತೊಡಗಿದೆ. ಒಂದು ಮಂಗಳವಾರ ಬರೆದದ್ದು ಇದು: ಅಲ್ಲಿ ವರ್ಷಕ್ಕೊಮ್ಮೆ ಒಬ್ಬ ಆಟಗಾರನಿಗೆ ಅಂಪೈರುಗಳೇ ಆರಿಸಿ ಪದಕ ಕೊಡುತ್ತಾರೆ. ಯಾರಿಗೆಂದರೆ, 'ಫೇರೆಸ್ಟ್ ಅಂಡ್ ಬೆಸ್ಟ್' ಆಟಗಾರನಿಗೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ಫೇರೆಸ್ಟ್ ಅಂದ್ರ ಏನ್ರಿ? ಎಲ್ಲಾರಕಿಂತ ಬೆಳ್ಳಗ ಇದ್ದೋರಿಗೇನ್ರಿ?"

ಅವಳ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಫೇರ್ ಎಂಬ ಮಾತು ಕೇಳಿಸುವುದು ಎರಡೇ ಕಡೆ, ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿನಲ್ಲಿ ಮತ್ತು ಕನ್ಯೆ ನೋಡಲು ಬಂದವರ ಬಾಯಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬಳು, "ಹಂಗಾದ್ರ ನಮ್ಮ ಕ್ಯಾಪ್ಟನ್‌ಗ ಈ ಜನ್ಮದಾಗ ಸಿಗಂಗಿಲ್ಲ ಬಿಡವ್ವಾ!" ಎಂದಳು. ಮೈದಾನವೆಲ್ಲ ಗೊಳ್ಳೆಂದಿತು. ನನಗೂ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಹಾಕುತ್ತಿದ್ದ ಕ್ಯಾಪ್ಟನ್ ಕೂಡ ನಕ್ಕಳು, ಅಥವಾ ಹಾಗೆ ನನಗೆ ಕಂಡಿತು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಅರ್ಥ ನಾಳೆ ಹೇಳಿದರಾಯಿತು ಎಂದು ಒಳಗೆ ಹೋದೆ.

ಬುಧವಾರ ಕ್ಯಾಪ್ಟನ್ ಬರಲಿಲ್ಲ. ಗುರುವಾರವೂ ಇಲ್ಲ. ಶನಿವಾರ ಹುಮನಾಬಾದಿನಲ್ಲಿ ಪಂದ್ಯ, ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸುವುದೂ ಅಲ್ಲಿಯೇ. ಹತ್ತನೇ ಕ್ಲಾಸಿನ ಆ ಹುಡುಗಿಗೆ ಇದು ಕೊನೆಯ ಅವಕಾಶ. "ಬಿಸಲಾಗ ಇನ್ನ ಆಡಂಗಿಲ್ಲ ಅಂತಾಳ್ರಿ ಟೀಚರ್" ಎಂದು ಅವಳ ಓಣಿಯ ಹುಡುಗಿ ಹೇಳಿದಳು. ಶಾಲೆ ಬಿಟ್ಟವಳೇ ಶೇರ್ ಆಟೊ ಹಿಡಿದು ನಾರಾಯಣಪುರಕ್ಕೆ ಹೊರಟೆ.

ಅವರ ಮನೆ ಹಳೆಯ ಶಿವನ ಗುಡಿಯ ಹಿಂದೆ. ಅವಳವ್ವ ಹೊಲದ ಕೂಲಿಗೆ ಹೋಗಿ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಹುಡುಗಿ ಪಡಸಾಲೆಯಲ್ಲಿ ಕೂತು ಹೆಸರುಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು.

"ಕುಂದರ್ರಿ ಬಾಯಾರ, ಚಾ ಮಾಡ್ತೀನಿ" ಎಂದಳು ಅವ್ವ. "ನೀವರೆ ಬುದ್ಧಿ ಹೇಳ್ರಿ. ಎರಡ ದಿನ ಆತು, ಸರಿಯಾಗಿ ಉಣವಲ್ಲಳು."

ನಾನು ಶುರು ಹಚ್ಚಿಕೊಂಡೆ. ಫೇರ್ ಎಂದರೆ ಬಣ್ಣ ಅಲ್ಲವ್ವ, ನ್ಯಾಯದಿಂದ ಆಡುವುದು, ಖೊಟ್ಟಿತನ ಮಾಡದೆ ಇರುವುದು. ಎಂಥ ಹುಲಿಯಂಥ ಆಟಗಾರನಾದರೂ ಆ ವರ್ಷ ಮೋಸದ ಹೊಡೆತ ಹೊಡೆದು ಪಂದ್ಯದಿಂದ ಹೊರಗೆ ಕೂತಿದ್ದರೆ ಅವನಿಗೆ ಆ ಪದಕ ಇಲ್ಲ. ಅಂಪೈರುಗಳ ಮತ ಎಲ್ಲರಿಗಿಂತ ಹೆಚ್ಚು ಬಿದ್ದಿದ್ದರೂ ಇಲ್ಲ. ಪುಸ್ತಕದ ಪುಟ ತೆರೆದೂ ತೋರಿಸಿದೆ. ನನ್ನ ಪಾಂಡಿತ್ಯವನ್ನು ನಾನೇ ಮೆಚ್ಚಿಕೊಂಡಿದ್ದೆ.

ಅವಳು ಎಲ್ಲ ಕೇಳಿಸಿಕೊಂಡು, "ಅದು ಗೊತ್ತದರಿ ಟೀಚರ್" ಎಂದಳು. "ಅವತ್ತೇ ಇಂಗ್ಲಿಷ್ ಸರ್‌ಗ ಕೇಳೀನಿ."

"ಮತ್ತ ಯಾಕ ಬರವಲ್ಲಿ?"

"ಎಲ್ಲಾರೂ ನಕ್ಕರು. ಅದರ ಫಿಕರ್ ಇಲ್ಲರಿ. ನೀವೂ ನಕ್ರಿ."

ಚಹಾದ ಕಪ್ಪು ಕೆಳಗಿಟ್ಟೆ. ಇಲ್ಲಿಯವರೆಗೆ ಒಂದು ಮಾತು ಬರೆಯದೆ ತಪ್ಪಿಸಿಕೊಂಡು ಬಂದಿದ್ದೇನೆ, ಇನ್ನು ಬರೆಯಲೇಬೇಕು. ಶಾಲೆಯಲ್ಲಿ ಅವಳಿಗೆ 'ಕರೆವ್ವ' ಎಂಬ ಅಡ್ಡಹೆಸರಿತ್ತು. ಇಟ್ಟವಳು ನಾನು. ಎಂಟನೇ ಕ್ಲಾಸಿಗೆ ಬಂದ ಹೊಸದರಲ್ಲಿ ಅವಳ ಓಟ ನೋಡಿ ಮೆಚ್ಚಿ, ಬೆನ್ನು ಚಪ್ಪರಿಸಿ, "ಭಲೇ ನನ್ನ ಕರೆವ್ವ!" ಎಂದಿದ್ದೆ. ಅದೇ ಅಂಟಿಕೊಂಡಿತು. ಪ್ರೀತಿಯಿಂದ ಕರೆದದ್ದು ಎಂದೇ ನಾನು ತಿಳಿದಿದ್ದೆ. ಅವಳು ಹೇಗೆ ತಿಳಿದಳೆಂದು ಒಂದು ದಿನವೂ ಕೇಳಲಿಲ್ಲ. ನಾಚಿಕೆಯಿಂದ ನನ್ನ ಮುಖ ಕಾದ ಹಂಚಿನಂತೆ ಬಿಸಿಯಾಯಿತು.

"ನಂದು ಗಲತಿ ಆತವ್ವಾ" ಎಂದೆ. "ನಗಬಾರದಿತ್ತು. ಆ ಹೆಸರೂ ಇಡಬಾರದಿತ್ತು. ಇನ್ನ ಮ್ಯಾಲ ಕರಿಯಂಗಿಲ್ಲ."

"ಅಯ್ಯ, ಮಕ್ಕಳ ಮುಂದ ಹಂಗ ಅನಬ್ಯಾಡ್ರಿ ಬಾಯಾರ!" ಎಂದು ಅವಳವ್ವ ಗಾಬರಿಯಾದಳು. ಹುಡುಗಿ ಮಾತ್ರ ಬೇಡ ಅನ್ನಲಿಲ್ಲ. ಹೆಸರುಕಾಯಿಯ ಸಿಪ್ಪೆ ಬದಿಗೆ ಸರಿಸಿ, "ಶನಿವಾರ ಬರ್ತೀನ್ರಿ" ಎಂದಳು. ನಗಲಿಲ್ಲ.

ಮಾತಿನಂತೆ ಬಂದಳು. ಹುಮನಾಬಾದಿನ ಮೈದಾನದಲ್ಲಿ ಧೂಳೋ ಧೂಳು, ಎದುರು ತಂಡದವರು ಗಟ್ಟಿ ಕುಳಗಳು. ಮೊದಲಾರ್ಧ ಮುಗಿಯಲು ಸ್ವಲ್ಪ ಇರುವಾಗ ನಮ್ಮ ಕ್ಯಾಪ್ಟನ್ ರೈಡಿಗೆ ಒಳಗೆ ಹೋದಳು. ಮೂಲೆಯ ಹುಡುಗಿ ಅವಳ ಹಿಂದಿನಿಂದ ಸರಿದು ಬರುವುದು ನನಗೆ ಕಂಡಿತು. ಗೆರೆಯ ಹೊರಗಿನಿಂದ ಅವಳ ಹೆಸರು ಹಿಡಿದು, ಹಿಂದ ನೋಡು, ಹಿಂದ ನೋಡು ಎಂದು ಮೂರು ಸಲ ಒದರಿದೆ. ಅವಳು ತಿರುಗಲೇ ಇಲ್ಲ. ಮೂಲೆಯವಳು ಹಾರಿ ಅವಳ ಕಾಲು ಹಿಡಿದಳು, ಔಟು.

ಅರ್ಧವೇಳೆಯಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. "ಕಿವ್ಯಾಗ ಅರಳಿ ಇಟ್ಕೊಂಡೀಯೇನ? ಹೆಸರ ಹಿಡದು ಮೂರ ಸಲ ಒದರೀನಿ!"

ಅವಳು ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು. "ಅದು ನನಗೇನ್ರಿ ಟೀಚರ್? ಬ್ಯಾರೆ ಯಾರಿಗೋ ಕರಿಯಾಕತ್ತೀರಿ ಅನ್ಕೊಂಡೆ."

ನನ್ನ ಕಣ್ಣು ತುಂಬಿ ಬಂತು. ಎರಡು ವರ್ಷದಲ್ಲಿ ಮನೆಯವರು ಇಟ್ಟ ಆ ಹೆಸರನ್ನು ಅವಳು ನನ್ನ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಸೀಟಿ ಊದುವ ಮೊದಲು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೇಳುವ ಹಾಗೆ, ಅವಳ ಹೆಸರನ್ನು ಅವಳ ಕಿವಿಯಲ್ಲಿ ಹೇಳಿದೆ. ಮತ್ತೆ ಹೇಳಿದೆ, ಮತ್ತೆ ಹೇಳಿದೆ.

"ಕೇಳಸ್ತ್ರಿ, ಬಿಡ್ರಿ ಟೀಚರ್" ಎಂದಳು ಅವಳು. "ಎಲ್ಲಾರೂ ನೋಡಾಕತ್ತಾರ."