ಮೇಲಿನ ಫೈಲು, ನನ್ನ ಡಬ್ಬಿ

ನನ್ನ ಸೊಸೆ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಲಿತದ್ದಕ್ಕಲ್ಲ, ಗಳಿಸುವುದಕ್ಕೂ ಅಲ್ಲ. ಯಾತಕ್ಕೆ ಅನ್ನುವುದು ಈ ಬೇಸಿಗೆಯಲ್ಲಿ ಗೊತ್ತಾಯಿತು, ಮಸಾಲೆ ಖಾರ ಮಾಡುವ ಹೊತ್ತಿಗೆ.

ನಮ್ಮಲ್ಲಿ ವರ್ಷದ ಖಾರ ಒಮ್ಮೆಲೇ ಆಗುತ್ತದೆ, ನಮ್ಮ ಮನೆಗೂ ಮೈದುನರ ಮನೆಗಳಿಗೂ ಕೂಡಿ. ಅಳತೆ ನಮ್ಮ ಅತ್ತೆ ಹಾಕಿಕೊಟ್ಟದ್ದು. ಅತ್ತೆ ಸತ್ತಳು, ಅಳತೆ ಸಾಯಲಿಲ್ಲ. ಅದರಲ್ಲಿ ಲವಂಗ ಬಹಳ. ನನಗೋ ಲವಂಗ ಆಗಿಬರುವುದಿಲ್ಲ, ಎದೆ ಉರಿಯುತ್ತದೆ. ಮೈದುನರಿಗೆ ಅದೇ ರುಚಿ ಬೇಕು. ಹಾಗಾಗಿ ನಾನೇ ಹುರಿದು ಹಾಕುತ್ತ ಬಂದೆ, ಉಂಡೆ, ಉರಿಸಿಕೊಂಡೆ.

ಅಂದು ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದೆ. ಬಾಜುವಿಗೆ ಸೊಸೆ, ಅವಳ ಕಂಪ್ಯೂಟರು. ಫೋನು ಒಂದೇ ಸವನೆ ಬಡಿದುಕೊಳ್ಳುತ್ತಿತ್ತು. ಅವಳ ಆಫೀಸಿನವರು, ಒಬ್ಬರು ಬೈದು ಇಟ್ಟರೆ ಇನ್ನೊಬ್ಬರು. ಅವಳ ಮುಖ ಸಣ್ಣದಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಯಿತು.

"ಏನ್ ಮಾಡೀ ಬೇ?"

"ಮ್ಯಾಲಿನ ಫೈಲಿಗೆ ಕೈ ಹಚ್ಚೇನ್ರಿ ಅತ್ತಿ."

"ಹಂಗಂದ್ರ?"

"ನಾವೆಲ್ಲಾ ಬರದಿದ್ದನ್ನ ಕೂಡ್ಸಿ ಒಂದು ಮಾಡೂದಕ್ಕ ಬಿಲ್ಡ್ ಅಂತಾರ್ರಿ. ಅದನ್ನ ಹೆಂಗ ಮಾಡ್ಬೇಕನ್ನೂ ಕಟ್ಟಳಿ ಮ್ಯಾಲಿನ ಫೈಲಿನ್ಯಾಗ ಇರ್ತಾವ. ಅಲ್ಲಿಂದ ಎಲ್ಲಾರ ಫೈಲಿಗೂ ಇಳದು ಬರ್ತಾವ. ಒಂದು ಕಟ್ಟಳಿ ನನ್ನ ಕೆಲಸಕ್ಕ ಹೊಂದಲಿಲ್ಲ, ಅಲ್ಲೇ ಬದಲ ಮಾಡಿಬಿಟ್ನಿ. ಎಲ್ಲಾರ ಕೆಲಸಾನೂ ನಿಂತಬಿಡ್ತು."

"ಹಿರೇರು ಇಟ್ಟದ್ದನ್ನ ಮುಟ್ಟಿದ್ರ ಹಿಂಗ ಆಗ್ತೈತಿ. ಬೈಸಿಕೋ."

ಅವಳು ಮೇಲಿನದನ್ನು ಮೊದಲಿದ್ದಂತೆ ಮಾಡಿದಳು. ಆಮೇಲೆ ತನ್ನ ಫೈಲು ತೆಗೆದು ಅದರಲ್ಲಿ ಒಂದೇ ಸಾಲು ಬರೆದಳು. ಫೋನು ಸುಮ್ಮನಾಯಿತು.

"ಮುಗೀತ್ರಿ. ಉಳದದ್ದೆಲ್ಲಾ ಮ್ಯಾಲಿಂದ ಬರ್ತೈತಿ. ಇದೊಂದು ಕಟ್ಟಳಿ ನಂದು, ನನಗಷ್ಟ ನಡೀತೈತಿ."

"ಯಾರನ್ನ ಕೇಳಿ ಬರದಿ?"

"ನನ್ನ ಫೈಲಿಗೆ ಯಾರನ್ನ ಕೇಳ್ಬೇಕ್ರಿ?"

ಕೈಯಲ್ಲಿನ ಮೆಣಸಿನಕಾಯಿ ಪುಡಿಯಾಯಿತು. ಚಹಾ ಆರುವುದರೊಳಗೆ ಇವಳಿಗೆ ಸಿಕ್ಕದ್ದು ನನಗೆ ಕೂದಲು ಬೆಳ್ಳಗಾದರೂ ಸಿಕ್ಕಿರಲಿಲ್ಲ. ಕೇಳಿದ್ದರೆ ಅತ್ತೆ ಕೊಡುತ್ತಿದ್ದಳೋ ಇಲ್ಲವೋ. ಹೀಗೊಂದು ಕೇಳಬಹುದು ಎಂದು ನನಗೆ ಹೇಳಿದವರಾದರೂ ಯಾರು?

ಮರುದಿನ ಸಾಮಾನೆಲ್ಲ ಹುರಿದೆ. ಲವಂಗ ಬೆರೆಸುವ ಮುಂಚೆ ಎಲ್ಲದರಲ್ಲೂ ಒಂದಿಷ್ಟು ಬೇರೆ ತೆಗೆದಿಟ್ಟೆ. ಉಳಿದದ್ದಕ್ಕೆ ಅತ್ತೆಯ ಅಳತೆಯಂತೆಯೇ ಲವಂಗ ಸುರಿದು ಗಿರಣಿಗೆ ಕಳಿಸಿದೆ. ನನ್ನದನ್ನು ಒರಳಿನಲ್ಲಿ ನಾನೇ ಕುಟ್ಟಿದೆ. ತೋಳು ಬಿದ್ದುಹೋದವು. ಸಣ್ಣ ಡಬ್ಬಿ ತುಂಬಿತು.

ಸೊಸೆ ಅಡುಗೆಮನೆಗೆ ಬಂದಳು. "ಇದ್ಯಾರದ್ರಿ ಅತ್ತಿ?"

"ನಂದು."

ಬೆರಳಿಗೆ ಹಚ್ಚಿಕೊಂಡು ನೆಕ್ಕಿದಳು. "ಅಗದಿ ಛಲೋ ಆಗೇತ್ರಿ! ನನಗೂ ಲವಂಗ ಆಗಂಗಿಲ್ಲ. ಇನ್ನ ಮ್ಯಾಲೆ ನಾನೂ ಇದನ್ನ ಹಾಕ್ಕೋತೇನ್ರಿ."

ಕಂಪ್ಯೂಟರಿನಲ್ಲಿ ಅವಳದೊಂದು ಇದೆಯಲ್ಲ, ಇದರಲ್ಲೂ ಬೇಕೇ? ಮುಚ್ಚಳ ಒತ್ತಿ ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟೆ.

"ಒರಳು ಅಲ್ಲೈತಿ. ನಿಂದು ನೀ ಕುಟಗೋ."